ಬ್ರೇಕ್ ಪೈಪು ಮತ್ತು ಐದನೆಯ ಕಾರಣ

ತುರುವೇಕೆರೆ ಬಳಿ ದಬ್ಬೇಘಟ್ಟದ ಕಡೆಯ ತೋಟದ ಮನೆಗೆ ಹೊಸ ಕಾರು ಬಂತೆಂದರೆ ಹಳೆಯದು ಊರು ಬಿಟ್ಟು ಹೋಗಲೇಬೇಕೆಂದೇನಿಲ್ಲ. ಅಂಗಳದಿಂದ ಶೆಡ್ಡಿಗೆ ಸರಿಯುತ್ತದೆ, ಅಷ್ಟೆ. ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ಮೊದಲ ಕಂತುಗಳ ಮಾರುತಿ 800 ಇರಲಿ, ಅದರ ಎರಡನೇ ಜನ್ಮ ಶುರುವಾಗುವುದು ಅಲ್ಲಿಂದಲೇ. ಹಿಂದಿನ ಸೀಟು ಮಡಚಿದರೆ ಪೊಟ್ಯಾಷ್ ಮೂಟೆ, ತೆಂಗಿನ ಪಾತಿಗೆ ಹಾಕುವ ಕಲ್ಲುಪ್ಪಿನ ಚೀಲ, ತಿಪಟೂರು ಮಾರುಕಟ್ಟೆಗೆ ಒಯ್ಯುವ ಕೊಬ್ಬರಿ. ಸೀಟು ಎತ್ತಿ ನಿಲ್ಲಿಸಿದರೆ ಅದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಯಡಿಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೆ.

ಇಂಥ ಗಾಡಿಯ ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಗಣಪ, ಕನ್ನಡಿಗೆ ರುದ್ರಾಕ್ಷಿ ಸರ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಕಣ್ಣಿಗೆ ಬೀಳುವ ಕಡೆಯೆಲ್ಲ ಕಾವಲಿದೆ. ಕಣ್ಣಿಗೆ ಬೀಳದ ಕಡೆ, ಗಾಡಿಯ ತಳಕ್ಕೆ ಅಂಟಿಕೊಂಡಂತೆ, 4.75 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಪೈಪು ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಗಾಲಿಯವರೆಗೆ ಓಡುತ್ತದೆ. ಅದರ ಗೋಡೆ ಒಂದು ಮಿಲಿಮೀಟರೂ ಇಲ್ಲ. ಒಳಗಿರುವುದು ಬ್ರೇಕ್ ಆಯಿಲ್. ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗೆ ಸೇರಿ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಆಮೇಲಿನ ಗಾಡಿಗಳಲ್ಲಿ ಸರ್ಕ್ಯೂಟನ್ನು ಎರಡು ಮಾಡಿದ್ದರಿಂದ ಅರ್ಧ ಬ್ರೇಕಾದರೂ ಉಳಿಯುತ್ತದೆ.

ಆ ಪೈಪು ಒಡೆದು ಯಾರಿಗೋ ಪೆಟ್ಟಾದ ಮೇಲೆ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. ಗಾಡಿಯವನು ಉಳಿದರೆ ದೇವರು ದೊಡ್ಡವನು. ಇನ್ನೊಬ್ಬ ಉಳಿಯದಿದ್ದರೆ ಅವನ ಹಣೆಬರಹ. ಎರಡರಲ್ಲೂ ಪೈಪಿನ ಪ್ರಸ್ತಾಪ ಬರುವುದಿಲ್ಲ. ಪತ್ರಿಕೆಯ ವರದಿಯಲ್ಲಿ ಒಂದು ಸಾಲು ಬರುತ್ತದೆ, ‘ಬ್ರೇಕ್ ವೈಫಲ್ಯ’ ಎಂದು, ಅದೇನೋ ಮಳೆ ಗಾಳಿಯ ಹಾಗೆ ತಾನಾಗಿ ಬಂದು ಹೋದದ್ದೆಂಬಂತೆ. ದೈವ ಎಲ್ಲಿಂದ ಶುರುವಾಗುತ್ತದೆ, ಮನುಷ್ಯನ ಪಾಲು ಎಲ್ಲಿಗೆ ಮುಗಿಯುತ್ತದೆ ಎಂಬ ಹಳೆಯ ಪ್ರಶ್ನೆಯನ್ನು ಇಟ್ಟು ನೋಡಲು ಈ ಪೈಪಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಪೈಪಿನೊಳಗೆ ನಡೆಯುವ ಕೆಲಸದ ಹಿಂದೆ ಇರುವವನೂ ಒಬ್ಬ ದೈವಭಕ್ತನೇ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹುಟ್ಟಿದ್ದು 1623ರಲ್ಲಿ, ಸತ್ತಾಗ ಅವನಿಗೆ ಮೂವತ್ತೊಂಬತ್ತು. ಮುಚ್ಚಿದ ದ್ರವದ ಒಂದು ತುದಿಯಲ್ಲಿ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಕಡಿಮೆಯಾಗದೆ ಸಾಗುತ್ತದೆ ಎಂದು ಅವನು ಬರೆದಿಟ್ಟ ಗ್ರಂಥ ಅಚ್ಚಾದದ್ದು ಅವನು ಸತ್ತ ಮರುವರ್ಷ, 1663ರಲ್ಲಿ. ಇದೇ ಮನುಷ್ಯ 1654ರ ನವೆಂಬರ್ 23ರ ರಾತ್ರಿ ತನಗಾದ ದೈವಾನುಭವವನ್ನು ಬರೆದು ಕೋಟಿನ ಒಳಪದರಕ್ಕೆ ಹೊಲಿದುಕೊಂಡು ಓಡಾಡಿದವನು. ಸತ್ತ ಮೇಲೆ ಅದು ಸಿಕ್ಕಿತು. ದೇವರಿದ್ದಾನೆ ಎಂಬ ಕಡೆಗೇ ಪಣ ಕಟ್ಟುವುದು ಲಾಭ ಎಂಬ ಪ್ರಸಿದ್ಧ ವಾದವೂ ಅವನದೇ. ಆದರೆ ಗಾಳಿಗೆ ಭಾರವಿದೆಯೇ ಎಂಬ ಪ್ರಶ್ನೆ ಬಂದಾಗ ಅವನು ಪಣ ಕಟ್ಟಲಿಲ್ಲ. 1648ರಲ್ಲಿ ಭಾವನ ಕೈಗೆ ಪಾದರಸದ ನಳಿಕೆ ಕೊಟ್ಟು ಬೆಟ್ಟ ಹತ್ತಿಸಿ, ಬುಡದಲ್ಲಿ ಎಷ್ಟು, ತುದಿಯಲ್ಲಿ ಎಷ್ಟು ಎಂದು ಅಳೆಸಿದ. ನಂಬುವ ವಿಷಯ ಯಾವುದು, ನೋಡಿ ತಿಳಿಯುವ ವಿಷಯ ಯಾವುದು ಎಂಬ ಗಡಿ ಅವನಿಗೆ ಗೊತ್ತಿತ್ತು.

ಟೈರಿನ ಗಾಳಿ ಮೂವತ್ತು ಪೌಂಡ್ ಇರುತ್ತದೆ ಎನ್ನಿ. ಜೋರಾಗಿ ಬ್ರೇಕ್ ತುಳಿದಾಗ ಆ ಸಣ್ಣ ಪೈಪಿನೊಳಗಿನ ಒತ್ತಡ ಸಾವಿರ ಪೌಂಡ್ ದಾಟುತ್ತದೆ. ತುಕ್ಕು ತಿಂದ ಪೈಪು ಹಗುರವಾಗಿ ತುಳಿದಾಗಲೆಲ್ಲ ತಡೆದುಕೊಂಡು, ದನವೋ ಮಗುವೋ ಅಡ್ಡ ಬಂದು ಜೀವ ಕೈಯಲ್ಲಿ ಹಿಡಿದು ತುಳಿದಾಗಲೇ ಒಡೆಯುವುದು ಇದೇ ಕಾರಣಕ್ಕೆ. ಆ ಗಳಿಗೆಯಲ್ಲೇ ಕೈಕೊಟ್ಟಿತಲ್ಲ ಎಂದು ವಿಧಿಯ ಕ್ರೌರ್ಯಕ್ಕೆ ಮರುಗುವವರು ಒತ್ತಡದ ಲೆಕ್ಕ ನೋಡಿದರೆ, ಬೇರೆ ಗಳಿಗೆಯಲ್ಲಿ ಒಡೆಯುವ ಸಂಭವವೇ ಕಡಿಮೆ ಇತ್ತೆಂದು ಕಾಣುತ್ತದೆ.

ತುಕ್ಕು ಬರುವ ದಾರಿಯೂ ನಿಗೂಢವೇನಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಶೀತದೇಶಗಳ ಕಾಟ ಈ ಸೀಮೆಗಿಲ್ಲ, ಕಡಲ ಗಾಳಿಯೂ ಇಲ್ಲ. ಬಯಲು ಸೀಮೆಯಲ್ಲಿ ಪೈಪು ನಲವತ್ತು ವರ್ಷ ಬಂದರೂ ಆಶ್ಚರ್ಯವಿಲ್ಲ ಎಂದು ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಹುರುಳಿದೆ. ಆದರೆ ತೆಂಗಿನ ಸೀಮೆಯ ಕಾರು ತನ್ನ ಉಪ್ಪನ್ನು ತಾನೇ ಹೊತ್ತು ತರುತ್ತದೆ. ಪೊಟ್ಯಾಷ್ ಎಂದು ಅಂಗಡಿಯಲ್ಲಿ ಕೊಡುವುದು ಪೊಟ್ಯಾಸಿಯಂ ಕ್ಲೋರೈಡ್. ಪಾತಿಗೆ ಹಾಕುವ ಉಪ್ಪು ಸೋಡಿಯಂ ಕ್ಲೋರೈಡ್. ಮೂಟೆಯ ಹೊಲಿಗೆಯಿಂದ ಉದುರಿದ ಪುಡಿ ಕಾರ್ಪೆಟ್ಟಿನ ಅಡಿಗೆ ಇಳಿದು, ಮಳೆಗಾಲದ ತೇವಕ್ಕೆ ಕರಗಿ, ತಳದ ಸಂದಿನಲ್ಲಿ ಪೈಪಿಗೆ ಕ್ಲಿಪ್ ಹಾಕಿದ ಕಡೆ ಕೂರುತ್ತದೆ. ಅದಕ್ಕೆ ಕೆರೆ ಏರಿಯ ಕೆಸರು, ಕೊಟ್ಟಿಗೆಯ ಸಗಣಿ ಸೇರುತ್ತದೆ. ಕ್ಲಿಪ್ಪಿನ ಕೆಳಗೆ ಒಣಗದ ತೇವ ಉಳಿದು, ಪೈಪು ಅಲ್ಲೇ ತೆಳ್ಳಗಾಗುತ್ತ ಹೋಗುತ್ತದೆ.

ಒಳಗಿನಿಂದಲೂ ಒಂದು ದಾರಿಯಿದೆ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅದೇ ಅಂಕಿ 230 ಮತ್ತು 155. ಶೆಡ್ಡಿನಲ್ಲಿ ನಿಂತೇ ಇರುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವವರು ಎಷ್ಟು ಜನ? ನೀರು ಸೇರಿದ ಆಯಿಲ್ ಘಾಟಿಯ ಇಳಿಜಾರಿನಲ್ಲಿ ಕುದಿಯುತ್ತದೆ, ಮನೆಯಲ್ಲಿ ನಿಂತಾಗ ಪೈಪನ್ನು ಒಳಗಿನಿಂದ ತಿನ್ನುತ್ತದೆ. ಪೈಪಿನ ತುದಿಯಿಂದ ಗಾಲಿಗೆ ಹೋಗುವ ರಬ್ಬರ್ ಹೋಸಿಗೆ ಶೆಡ್ಡಿನ ಇಲಿಗಳು ಬಾಯಿ ಹಾಕುವುದು ಬೇರೆ.

ಈಗ ಕೋರ್ಟಿಗೆ ಬರಬಹುದು. ಇಂಗ್ಲೆಂಡಿನಲ್ಲಿ ಐದು ವರ್ಷ ಹಳೆಯ ಲಾರಿಯೊಂದು ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡು ಒಬ್ಬ ಮನುಷ್ಯನನ್ನು ಕೊಂದಿತು. ನೋಡಿದರೆ, ಬ್ರೇಕ್ ಪೈಪಿನಲ್ಲಿ ತುಕ್ಕು ತಿಂದು ತೂತು. ಮಾಲೀಕರ ವಾದ ಸರಳವಾಗಿತ್ತು: ಪೈಪನ್ನು ನಾವು ಆಗಾಗ ನೋಡುತ್ತಲೇ ಇದ್ದೆವು, ಕಾಣುವ ಭಾಗ ಚೆನ್ನಾಗಿಯೇ ಇತ್ತು. ತೂತಾದದ್ದು ಚಾಸಿಗೆ ಒತ್ತಿಕೊಂಡಿದ್ದ, ಪೈಪು ಬಿಚ್ಚದ ಹೊರತು ಕಾಣದ ಭಾಗದಲ್ಲಿ. ಬಿಚ್ಚಿ ನೋಡಿ ಎಂದು ಲಾರಿ ತಯಾರಿಸಿದವರೂ ಹೇಳಿರಲಿಲ್ಲ. ಹೆಂಡರ್ಸನ್ ವಿರುದ್ಧ ಜೆಂಕಿನ್ಸ್ ಎಂದು ಹೆಸರಾದ ಈ ಮೊಕದ್ದಮೆ ಆಗ ಅಲ್ಲಿನ ಅತ್ಯುನ್ನತ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 1969ರಲ್ಲಿ ಮೂರಕ್ಕೆ ಎರಡರ ಬಹುಮತದಿಂದ ಮಾಲೀಕರ ವಿರುದ್ಧ ತೀರ್ಪಾಯಿತು. ಬಹುಮತದ ನ್ಯಾಯಮೂರ್ತಿಗಳು ಹಿಡಿದ ಎಳೆ ಸ್ವಾರಸ್ಯದ್ದು. ಆ ಲಾರಿ ಅಷ್ಟು ವರ್ಷ ಏನು ಹೊತ್ತಿತ್ತು, ಎಂಥ ಜಾಗದಲ್ಲಿ ಓಡಿತ್ತು, ಪೈಪಿಗೆ ತುಕ್ಕು ಹಿಡಿಸುವಂಥದ್ದು ಅದರ ಬಾಳಿನಲ್ಲಿ ಏನೂ ನಡೆದಿರಲಿಲ್ಲವೇ? ಅದನ್ನು ತೋರಿಸಬೇಕಾದವರು ಮಾಲೀಕರು, ಅವರು ತೋರಿಸಲಿಲ್ಲ. ಕಾಣುವಷ್ಟನ್ನು ನೋಡಿದೆ ಎಂದರೆ ಸಾಲದು. ಕಾಣದ ಕಡೆ ಏನಾಗಿರಬಹುದು ಎಂದು ಊಹಿಸಲು ನಿನಗೆ ಕಾರಣವಿತ್ತೇ ಎಂಬುದು ಪ್ರಶ್ನೆ. ಪೊಟ್ಯಾಷ್ ಹೊತ್ತ ಅಂಬಾಸಿಡರಿನ ಮಾಲೀಕ ಆ ಕಟಕಟೆಯಲ್ಲಿ ನಿಂತಿದ್ದರೆ ಉತ್ತರ ಹೇಳಲು ತಡವರಿಸುತ್ತಿದ್ದ. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಒಳ್ಳೆಯ ಮನಸ್ಸಿನವರೂ ಇದರಲ್ಲಿ ಎರಡು ಕಡೆ ನಿಲ್ಲಬಲ್ಲರು.

ನಮ್ಮ ಕಾನೂನೂ ಅದೇ ದಾರಿಯದು. 1977ರ ಮಿನು ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಂತ್ರ ಕೆಟ್ಟದ್ದೇ ಅಪಘಾತಕ್ಕೆ ಕಾರಣ ಎನ್ನುವವನು ಅದು ಒಳಗೇ ಅಡಗಿದ್ದ ದೋಷ, ತಕ್ಕ ಎಚ್ಚರ ವಹಿಸಿದರೂ ಕಾಣುತ್ತಿರಲಿಲ್ಲ ಎಂದು ಹೇಳಿ ತೋರಿಸಬೇಕು ಎಂದಿತು. 1988ರ ಮೋಟಾರು ವಾಹನ ಕಾಯಿದೆಯ 190ನೇ ಕಲಂ ಇನ್ನೂ ನೇರ: ಅಪಾಯ ತರುವ ದೋಷ ಇದೆಯೆಂದು ಗೊತ್ತಿದ್ದು ಗಾಡಿ ಓಡಿಸಿದರೂ ತಪ್ಪು, ಸಾಮಾನ್ಯ ಎಚ್ಚರದಿಂದ ಗೊತ್ತುಮಾಡಿಕೊಳ್ಳಬಹುದಿದ್ದ ದೋಷವನ್ನು ಗೊತ್ತುಮಾಡಿಕೊಳ್ಳದೆ ಓಡಿಸಿದರೂ ತಪ್ಪು. ತಿಳಿಯದಿರುವುದನ್ನೇ ಅಪರಾಧವೆಂದು ಎಣಿಸುವ ಈ ಕಲಂ ಮೊದಲ ಓದಿಗೆ ಕಟು ಎನಿಸುತ್ತದೆ. ಮನುಷ್ಯನಿಗೆ ಗೊತ್ತಿಲ್ಲದ್ದಕ್ಕೆ ಅವನು ಹೇಗೆ ಹೊಣೆ?

ಈ ಪ್ರಶ್ನೆಗೆ ಒಂದು ಖಾರದ ಉತ್ತರ ಕೊಟ್ಟವನು ಡಬ್ಲ್ಯು.ಕೆ. ಕ್ಲಿಫರ್ಡ್, ಇಂಗ್ಲೆಂಡಿನ ಗಣಿತಜ್ಞ. ನಂಬಿಕೆಯ ನೀತಿ ಕುರಿತು 1877ರಲ್ಲಿ ಬರೆದ ಪ್ರಬಂಧವನ್ನು ಅವನು ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಆರಂಭಿಸುತ್ತಾನೆ. ಹಡಗು ಹಳೆಯದು, ಎಷ್ಟೋ ಸಲ ರಿಪೇರಿಯಾದದ್ದು, ವಲಸೆ ಹೋಗುವ ಬಡ ಸಂಸಾರಗಳು ಅದರಲ್ಲಿ ಹತ್ತಲಿವೆ. ಮಾಲೀಕನ ಮನಸ್ಸಿನಲ್ಲಿ ಅನುಮಾನ ಏಳುತ್ತದೆ. ಇಷ್ಟು ಯಾನ ಮುಗಿಸಿ ಬಂದಿದೆಯಲ್ಲ, ದೇವರು ಆ ಸಂಸಾರಗಳನ್ನು ಕೈಬಿಡುತ್ತಾನೆಯೇ ಎಂದು ಸಮಾಧಾನ ಮಾಡಿಕೊಂಡು, ನಿಜವಾಗಿಯೂ ನಂಬಿ, ನೆಮ್ಮದಿಯಿಂದ ಕಳಿಸಿಕೊಡುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆ ಹಣ ಬರುತ್ತದೆ. ಕ್ಲಿಫರ್ಡ್ ಹೇಳುವುದೇನೆಂದರೆ, ಅವನ ನಂಬಿಕೆ ಪ್ರಾಮಾಣಿಕವೇ ಇರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಅನುಮಾನವನ್ನು ಪರೀಕ್ಷಿಸಿ ಕಳೆದುಕೊಳ್ಳದೆ ಅಮುಕಿ ಕಳೆದುಕೊಂಡ. ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹಡಗು ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ. ಹತ್ತು ವರ್ಷ ಏನೂ ಆಗಿಲ್ಲವಲ್ಲ ಎಂಬ ಮಾತು ಗ್ಯಾರೇಜುಗಳಲ್ಲಿ ದಿನಾ ಕೇಳುವಂಥದ್ದು. ಕ್ಲಿಫರ್ಡನಿಗೆ ಆ ಹತ್ತು ವರ್ಷ ಸಾಕ್ಷಿಯೇ ಆಗದು.

ಕ್ಲಿಫರ್ಡ್ ಧರ್ಮದ ಮೇಲೆ ಮುನಿದವನು, ಅವನ ಮಾತನ್ನು ಭಕ್ತರು ಒಪ್ಪಬೇಕಿಲ್ಲ ಎನ್ನಬಹುದು. ಹಾಗಾದರೆ ದೇವಸ್ಥಾನವನ್ನೇ ಕೇಳೋಣ.

ಗರ್ಭಗುಡಿಯಲ್ಲಿ ಮೂರ್ತಿಯ ಬುಡ ಪೀಠದ ಕುಳಿಯೊಳಗೆ ಕೂರುವ ಸಂದಿಗೆ ಅರಗು, ಜೇನುಮೇಣ, ಬೆಣ್ಣೆ ಮೊದಲಾದ ಎಂಟು ದ್ರವ್ಯ ಕುಟ್ಟಿ ಹದಮಾಡಿದ ಅಷ್ಟಬಂಧವನ್ನು ತುಂಬುತ್ತಾರೆ. ಭಕ್ತರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅಲಂಕಾರ, ಹೂವು, ವಸ್ತ್ರದ ಅಡಿಯಲ್ಲಿ ಮುಚ್ಚಿರುತ್ತದೆ. ದಿನಾ ಬೀಳುವ ಅಭಿಷೇಕದ ನೀರಿಗೆ ಕಾಲಕ್ರಮದಲ್ಲಿ ಅದು ಸಡಿಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಕೆತ್ತಿ ತೆಗೆದು ಹೊಸದು ತುಂಬಿ ಬ್ರಹ್ಮಕಲಶದ ಅಭಿಷೇಕ ಮಾಡುವುದು ರೂಢಿ. ಮೂರ್ತಿ ಅಲ್ಲಾಡಲಿ, ಆಮೇಲೆ ನೋಡೋಣ ಎಂದು ಯಾವ ತಂತ್ರಿಯೂ ಕಾಯುವುದಿಲ್ಲ. ದೊಡ್ಡ ದುರಸ್ತಿಯಾದರೆ ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಕೆಲಸ ಮುಗಿಯುವವರೆಗೆ ದೇವರೇ ಎದ್ದು ಪಕ್ಕಕ್ಕೆ ಸರಿದು ಕೂರುತ್ತಾನೆ ಎಂದಾಯಿತು. ದೇವರ ಮೇಲಿನ ನಂಬಿಕೆ ಆ ಸಂದಿನ ಅಂಟಿನ ಆಯಸ್ಸನ್ನು ಹೆಚ್ಚಿಸುತ್ತದೆ ಎಂದು ಆಗಮಗಳು ಎಣಿಸಲಿಲ್ಲ. ಸವೆತಕ್ಕೆ ಒಂದು ಕಾಲಮಾನ ಕೊಟ್ಟು, ಆ ಕಾಲ ಬಂದಾಗ ಕಾಣದ ಕೀಲನ್ನು ಬಿಚ್ಚುವುದನ್ನೇ ಉತ್ಸವವಾಗಿ ಮಾಡಿದವು.

ತೇರಿನ ಮಾತೂ ಹಾಗೆಯೇ. ಸಾವಿರಾರು ಜನ ಹಗ್ಗ ಎಳೆಯುವಾಗ ಗಾಲಿಯ ಪಕ್ಕದಲ್ಲೇ ಮರದ ಬೆಣೆ ಹಿಡಿದು ನಡೆಯುವವರು ಇರುತ್ತಾರೆ. ದೇವರೇ ಕೂತ ರಥಕ್ಕೂ ಬ್ರೇಕ್ ಬೇಕು, ಅದನ್ನು ಹಾಕುವವನು ಮನುಷ್ಯನೇ. 2017ರ ಫೆಬ್ರುವರಿಯಲ್ಲಿ ಬಳ್ಳಾರಿ ಸೀಮೆಯ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಜಾತ್ರೆಯ ಹೊತ್ತಿನಲ್ಲೇ ಅಚ್ಚು ಮುರಿದು ಉರುಳಿತು. ಲಕ್ಷಾಂತರ ಭಕ್ತರ ಸ್ವಾಮಿ ಅವನು. ಆಮೇಲೆ ಊರು ಮಾಡಿದ್ದೇನು? ಹೊಸ ತೇರು ಕಟ್ಟಿಸಿತು.

ತೆಂಗಿನ ಸೀಮೆಯ ರೈತನಿಗೆ ಕಾಣದ್ದನ್ನು ತಿಳಿಯುವ ವಿದ್ಯೆ ಹೊಸದೇನಲ್ಲ. ಉಂಡೆ ಕೊಬ್ಬರಿಗೆಂದು ವರ್ಷದ ಹತ್ತಿರ ಅಟ್ಟದಲ್ಲಿಟ್ಟ ಕಾಯಿಯನ್ನು ಒಡೆಯದೆಯೇ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಬತ್ತಿದೆಯೇ, ಗಿಟುಕು ಕರಟ ಬಿಟ್ಟಿದೆಯೇ ಎಂದು ಹೇಳಬಲ್ಲ. ಅದೇ ಕಿವಿ, ಅದೇ ಕೈ ಕಾರಿನ ಪೆಡಲಿಗೂ ಸಲ್ಲುತ್ತದೆ. ನಿಂತ ಗಾಡಿಯಲ್ಲಿ ಪೆಡಲನ್ನು ಗಟ್ಟಿಯಾಗಿ ತುಳಿದು ಹಿಡಿದಾಗ ಅದು ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗಿನ ವಾಷರ್ ಸೋತಿದೆ. ಮೆತ್ತಗೆ ಪುಟಿದರೆ ಒಳಗೆ ಏರ್ ಹಿಡಿದಿದೆ. ತುಳಿದು ಬಿಟ್ಟ ಮೇಲೂ ಒಂದು ಗಾಲಿ ಬಿಗಿದುಕೊಂಡಿದ್ದರೆ ಆ ಗಾಲಿಯ ರಬ್ಬರ್ ಹೋಸ್ ಒಳಗೇ ಊದಿಕೊಂಡು, ಆಯಿಲನ್ನು ಹೋಗಲು ಬಿಟ್ಟು ಬರಲು ಬಿಡುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಹೊರಗೆ ಬಿರುಕೂ ಇಲ್ಲದೆ ಹೊಸದರಂತೆ ಕಾಣುವ ಹೋಸಿನಲ್ಲೂ ಇದು ಆಗುತ್ತದೆ.

ಬದಲಿಸಲು ಕೂತರೆ ಮೊದಲ ಪ್ರಶ್ನೆ ಯಾವ ಪೈಪು ಎಂಬುದು. ಕಂಪನಿಯಿಂದ ಬಂದದ್ದು ಎರಡು ಸುತ್ತು ಸುತ್ತಿ ಬೆಸೆದ ಉಕ್ಕಿನ ಪೈಪು, ಮೇಲೆ ತುಕ್ಕು ತಡೆಯುವ ಲೇಪ. ಅಗ್ಗ, ಗಟ್ಟಿ, ಬಗ್ಗಿಸುವುದು ಸ್ವಲ್ಪ ಕಷ್ಟ. ಇನ್ನೊಂದು ತಾಮ್ರ ಮತ್ತು ನಿಕ್ಕಲ್ ಬೆರೆಸಿದ್ದು, ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಾಮ್ರ. ತುಕ್ಕು ಹಿಡಿಯದು, ಕೈಯಲ್ಲೇ ಬಗ್ಗುತ್ತದೆ. ಸ್ವೀಡನ್ನಿನ ವೋಲ್ವೊ ತನ್ನ ಕಾರುಗಳಿಗೆ ಎಪ್ಪತ್ತರ ದಶಕದಿಂದಲೇ ಇದನ್ನು ಹಾಕಿತು. ಬೆಲೆ ಹೆಚ್ಚು, ತರಿಸಲು ಕಾಯಬೇಕು. ಪೊಟ್ಯಾಷ್ ಹೊರುವ ಗಾಡಿಗೆ ಆ ಹಣ ಕೊಡಬಹುದು. ಫ್ರಿಜ್ಜಿಗೆ ಹಾಕುವ ಬರಿ ತಾಮ್ರದ ನಳಿಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ನೋಡಲೂ ಹೊಳೆಯುತ್ತದೆ, ಅದು ಕೂಡದು. ಗಾಡಿಯ ನಡುಕಕ್ಕೆ ಬರಿ ತಾಮ್ರ ಗಡುಸಾಗುತ್ತ ಹೋಗಿ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಮಾತೇ ಬೇಡ. ಒಡೆದ ಕಡೆ ಕತ್ತರಿಸಿ ನಡುವೆ ರಬ್ಬರ್ ನಳಿಕೆ ತೂರಿಸಿ ಕ್ಲಿಪ್ ಬಿಗಿಯುವುದು, ನಲ್ಲಿ ಕೆಲಸದವರ ಕಂಪ್ರೆಷನ್ ಜೋಡಣೆ ಹಾಕುವುದು, ಇವೆರಡೂ ಸಾವಿರ ಪೌಂಡಿನ ಮುಂದೆ ನಿಲ್ಲುವುದಿಲ್ಲ.

ಪೈಪಿನ ತುದಿಯ ಕೆಲಸದಲ್ಲಿ ಮೆಕ್ಯಾನಿಕ್‌ನ ಕೈ ಗೊತ್ತಾಗುತ್ತದೆ. ಪೈಪನ್ನು ಗರಗಸದಲ್ಲಿ ಕೊಯ್ಯಬಾರದು, ಚಕ್ರದ ಕಟ್ಟರಿನಿಂದ ಸುತ್ತಿ ಕತ್ತರಿಸಬೇಕು. ಒಳಗಿನ ಸಿಬಿರು ಕೆರೆದು ತೆಗೆದು, ಲೋಹದ ಪುಡಿ ಒಳಗುಳಿಯದಂತೆ ಊದಿ, ಯೂನಿಯನ್ ನಟ್ಟನ್ನು ಮರೆಯದೆ ಮೊದಲೇ ತೂರಿಸಿಕೊಳ್ಳಬೇಕು. ಎರಡೂ ತುದಿ ಮಾಡಿ ಮುಗಿಸಿದ ಮೇಲೆ ನಟ್ಟು ಮೇಜಿನ ಮೇಲೇ ಉಳಿದಿರುವುದು ಕಂಡು ಬೈದುಕೊಳ್ಳದ ಮೆಕ್ಯಾನಿಕ್ ಇರಲಾರ. ಆಮೇಲೆ ಫ್ಲೇರ್, ಅಂದರೆ ತುದಿಯನ್ನು ಅರಳಿಸುವುದು. ಬ್ರಿಟಿಷ್ ಮೂಲದ ಅಂಬಾಸಿಡರಿಗೆ ಇಂಚಿನ ತ್ರೆಡ್ಡು, ಜಪಾನ್ ಮೂಲದ ಮಾರುತಿಗೆ ಮಿಲಿಮೀಟರ್ ತ್ರೆಡ್ಡು. ತುದಿಯ ಆಕಾರವೂ ಗಾಡಿಯಿಂದ ಗಾಡಿಗೆ ಬೇರೆ. ಒಂದರಲ್ಲಿ ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿ ಕೊಳವೆಬಾಯಿಯಂತೆ ಅರಳಿಸಿರುತ್ತಾರೆ, ಇನ್ನೊಂದರಲ್ಲಿ ಗುಳ್ಳೆಯಂತೆ ಉಬ್ಬಿಸಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿ ಬಲವಾಗಿ ಬಿಗಿದರೆ ಆ ದಿನಕ್ಕೆ ಸೋರದೆಯೂ ಇರಬಹುದು. ಒಂದೇ ಪದರದ ಫ್ಲೇರ್ ಸೀಳುವ ಅಪಾಯ ಹೆಚ್ಚು. ಹಳೇ ಪೈಪನ್ನು ಎಸೆಯದೆ ಪಕ್ಕದಲ್ಲಿಟ್ಟುಕೊಂಡು ಬಾಗು ಬಾಗಿಗೂ ಅದರಂತೆ ಬಗ್ಗಿಸಬೇಕು. ಸೈಲೆನ್ಸರಿನ ಬಿಸಿ ತಾಗದ ಹಾಗೆ, ಹಿಂದಿನ ಆಕ್ಸಲ್ ಏರಿಳಿದಾಗ ಉಜ್ಜದ ಹಾಗೆ, ಪ್ರತಿ ಕ್ಲಿಪ್ಪೂ ಅದರ ಜಾಗದಲ್ಲೇ. ಹೋಸು ತಿರುಚಿಕೊಳ್ಳಬಾರದು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರಿಗೆ ತಾಗುತ್ತದೆಯೇ ಎಂದು ನೋಡಬೇಕು. ಒಂದು ಪೈಪು ಹೋಗಿದ್ದರೆ ಅದೇ ವಯಸ್ಸಿನ ಉಳಿದವುಗಳನ್ನೂ ನಂಬುವಂತಿಲ್ಲ. ಇಲ್ಲಿ ಹಣದ ಪ್ರಶ್ನೆ ಬರುತ್ತದೆ, ಅದು ಸಣ್ಣ ಪ್ರಶ್ನೆಯೂ ಅಲ್ಲ; ಕೊಬ್ಬರಿ ಬೆಲೆ ಬಿದ್ದ ವರ್ಷ ಶೆಡ್ಡಿನ ಕಾರಿಗೆ ಖರ್ಚು ಮಾಡು ಎಂದು ಯಾರೂ ಸಲೀಸಾಗಿ ಹೇಳಲಾರರು. ಆ ವರ್ಷ ಕಾರು ಶೆಡ್ಡಿನಲ್ಲೇ ಇರಬಹುದು.

ಭಗವದ್ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ಯಾವುದೇ ಕೆಲಸ ನೆರವೇರಲು ಐದು ಕಾರಣಗಳನ್ನು ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಗ್ಯಾರೇಜಿನ ಮಟ್ಟಿಗೆ ಇಳಿಸಿ ಹೇಳಿದರೆ ನಿಲ್ಲುವ ನೆಲ, ಮಾಡುವವನು, ಸಲಕರಣೆ, ಮಾಡುವ ಕ್ರಿಯೆ, ಮಿಕ್ಕದ್ದು ದೈವ. ಆಚಾರ್ಯರು ಇವುಗಳಿಗೆ ಬೇರೆ ಬೇರೆ ಅರ್ಥ ಹೇಳಿದ್ದಾರೆ. ಅಧಿಷ್ಠಾನವನ್ನು ದೇಹವೆಂದೇ ಹೆಚ್ಚಿನವರು ಹಿಡಿಯುತ್ತಾರೆ. ಇಲ್ಲಿ ಮುಖ್ಯವಾಗುವುದು ಎಣಿಕೆಯ ಕ್ರಮ. ದೈವ ಪಟ್ಟಿಯಲ್ಲಿದೆ, ಅದನ್ನು ಅಳಿಸುವ ಧೈರ್ಯ ಕೃಷ್ಣನೂ ಮಾಡಿಲ್ಲ. ಅದರ ಬೆನ್ನಿಗೇ ಬರುವ ಮಾತಿನಲ್ಲಿ, ತಾನೊಬ್ಬನೇ ಎಲ್ಲ ಮಾಡಿದೆ ಎಂದುಕೊಳ್ಳುವವನ ಬುದ್ಧಿಯನ್ನು ಅವನು ಹಳಿಯುತ್ತಾನೆ. ಎಲ್ಲ ಬದಲಿಸಿದ್ದೇನೆ, ಇನ್ನು ನನಗೇನೂ ಆಗದು ಎನ್ನುವ ಮೆಕ್ಯಾನಿಕ್‌ಗೂ ಅಲ್ಲಿ ಏಟಿದೆ: ಹೊಸ ಪೈಪಿನಲ್ಲೂ ಕಾರ್ಖಾನೆಯ ದೋಷವಿರಬಹುದು, ಸರಿಯಾಗಿ ಮಾಡಿದ ಫ್ಲೇರೂ ಒಮ್ಮೆ ಕೈಕೊಡಬಹುದು. ಆದರೆ ಮೊದಲ ನಾಲ್ಕರ ಲೆಕ್ಕ ಕೊಡದವನು ಐದನೆಯದರ ಹೆಸರು ಹೇಳಿದರೆ, ಅವನು ದೈವದ ತಲೆಗೆ ಕಟ್ಟುತ್ತಿರುವುದು ತಾನೇ ಇಣುಕಿ ನೋಡದ ಜಾಗವನ್ನು.

ಇಷ್ಟು ಹೇಳಿ ಆಯುಧಪೂಜೆಯನ್ನು ಗೇಲಿ ಮಾಡಿ ಮುಗಿಸುವುದು ಸುಲಭ, ವಿಚಾರವಾದಿಗಳು ಪ್ರತಿ ಮಹಾನವಮಿಗೂ ಮಾಡುತ್ತಾರೆ. ಅವರು ಆ ಹಬ್ಬದ ಮೊದಲರ್ಧವನ್ನು ನೋಡಿಲ್ಲ. ಕುಂಕುಮ ಹಚ್ಚುವ ಮೊದಲು ಕೊಡಲಿ, ಕುಡುಗೋಲು, ಸ್ಪ್ಯಾನರ್ ಎಲ್ಲವನ್ನೂ ಮೂಲೆಮೂಲೆಯಿಂದ ಹೊರತೆಗೆದು ತೊಳೆದು ಒರೆಸಿ ಸಾಲಾಗಿಡುವುದು, ಅಂದು ಅವುಗಳಿಗೆ ಕೆಲಸದಿಂದ ಬಿಡುವು ಕೊಡುವುದು ಹಬ್ಬದ ಅಂಗವೇ. ವರ್ಷಕ್ಕೊಮ್ಮೆಯಾದರೂ ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ತೊಳೆಯುವ ದಿನ ಎಷ್ಟೋ ಮನೆಗಳಲ್ಲಿ ಅದೊಂದೇ. ಹಬ್ಬ ಹಾದಿ ತಪ್ಪಿರುವುದು ತೊಳೆಯುವ ಕೆಲಸ ಬಾಗಿಲಿನ ಎತ್ತರಕ್ಕೇ ನಿಂತು, ಕೆಳಗೆ ಇಳಿಯದೆ ಹೋದ ಕಡೆ. ತಳಕ್ಕೆ ಪೈಪು ಬಿಟ್ಟು ಕೆಸರು ತೊಳೆದಿದ್ದರೆ ತುಕ್ಕಿನ ಕಲೆಯೋ ಆಯಿಲಿನ ಜಿಡ್ಡೋ ಆ ಬೆಳಗ್ಗೆಯೇ ಕಾಣುತ್ತಿತ್ತು.

ಕ್ರಿಯೆಯನ್ನು ಮರೆತ ಪೂಜೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ನಿರ್ಮಾಣ್ ವಿಹಾರದಲ್ಲಿ ನಡೆದದ್ದು ಸಾಕು. ಮೊದಲ ಮಹಡಿಯ ಶೋರೂಮಿನಲ್ಲಿ ಹೊಸ ಕಾರಿನ ಗಾಲಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋಗಿ ಆಕ್ಸಿಲರೇಟರ್ ಜೋರಾಗಿ ತುಳಿದದ್ದರಿಂದ ಗಾಡಿ ಗಾಜು ಒಡೆದುಕೊಂಡು ಬೀದಿಗೆ ಬಿತ್ತು. ಪ್ರಾಣಾಪಾಯವಾಗಲಿಲ್ಲ.

ಪೂಜೆಗಿಂತ ಕ್ರಿಯೆಯನ್ನು ಮುಂದಿಟ್ಟವರೂ ಇದ್ದಾರೆ. ಹನ್ನೆರಡನೇ ಶತಮಾನದ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ಶರಣ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು. ಅವನು ಕೆಲಸ ಬಿಟ್ಟು ಅದನ್ನು ಹುಡುಕಲು ಇಳಿಯಲಿಲ್ಲ, ಲಿಂಗವೇ ಅವನ ಹಿಂದೆ ಬಂದು ಬೇಡಿಕೊಂಡಿತು, ಕೊನೆಗೆ ಮಡಿವಾಳ ಮಾಚಿದೇವ ಬಂದು ತಿದ್ದಬೇಕಾಯಿತು ಎಂದು ಕಥೆ. ಕಾಯಕವೇ ದೊಡ್ಡದು ಎಂದು ಇದನ್ನು ಸಾಮಾನ್ಯವಾಗಿ ಹೇಳಿ ಮುಗಿಸುತ್ತಾರೆ. ಅವನು ಮಾಡುತ್ತಿದ್ದದ್ದು ಹಗ್ಗ ಎಂಬುದೂ ಗಮನಿಸುವಂಥದ್ದು. ಹೊಸೆದವನನ್ನು ಕಾಣದ ಯಾರೋ ಬಾವಿಗೆ ಇಳಿಯುವಾಗ ಜೀವ ತೂಗುಹಾಕುವ ವಸ್ತು ಅದು, ಒಂದು ಎಳೆ ಕೊಳೆತಿದ್ದರೂ ಸುತ್ತಿನೊಳಗೆ ಮುಚ್ಚಿಹೋಗುತ್ತದೆ. ಬ್ರೇಕ್ ಕೆಲಸ ಮಾಡುವವನ ಕಾಯಕವೂ ಈ ಜಾತಿಯದು. ಗಿರಾಕಿಗೆ ಪೇಂಟ್ ಕೆಲಸ ಕಾಣುತ್ತದೆ, ಫ್ಲೇರ್ ಕಾಣುವುದಿಲ್ಲ. ಅದಕ್ಕೆ ಅವನು ಮಾತಾಡದೆ ಹಣ ಕೊಡುವುದೂ ಇಲ್ಲ.

ಪೈಪು ಕೂರಿಸಿದ ಮೇಲೆ ಏರ್ ತೆಗೆಯುವ ಕೆಲಸ ಇಬ್ಬರದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭ. ಗಾಲಿಯ ಬಳಿ ಏರ್ ಬಿಡುವ ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆಯ ಇನ್ನೊಂದು ತುದಿ ಬಾಟಲಿಯಲ್ಲಿ, ಸ್ವಲ್ಪ ಆಯಿಲಿನಲ್ಲಿ ಮುಳುಗಿರಬೇಕು. ಸೀಟಿನಲ್ಲಿ ಕೂತವನು ಪಂಪ್ ಮಾಡಿ ಹಿಡಿಯುತ್ತಾನೆ, ಕೆಳಗೆ ಮಲಗಿದವನು ನಿಪ್ಪಲ್ ಸಡಿಲಿಸುತ್ತಾನೆ, ಪೆಡಲ್ ನೆಲ ಮುಟ್ಟುತ್ತದೆ. ಬಿಗಿದಾಯಿತು ಎಂಬ ಕೂಗು ಬರುವವರೆಗೆ ಕಾಲು ಎತ್ತುವಂತಿಲ್ಲ; ಎತ್ತಿದರೆ ಹೋದ ಗಾಳಿ ವಾಪಸು. ಗುಳ್ಳೆ ನಿಲ್ಲುವವರೆಗೆ ಹೀಗೇ, ನಾಲ್ಕೂ ಗಾಲಿಗೆ, ಡಬ್ಬಿಯಲ್ಲಿ ಆಯಿಲ್ ಬತ್ತದಂತೆ ನೋಡುತ್ತ. ಬಾಟಲಿಗೆ ಇಳಿದ ಆಯಿಲನ್ನು ಮತ್ತೆ ಮೇಲೆ ಸುರಿಯಬಾರದು. ಕೈತಪ್ಪಿ ಬಾಡಿಗೆ ಚೆಲ್ಲಿದರೆ ಬಣ್ಣ ಏಳುತ್ತದೆ, ಒಡನೆ ನೀರು ಹಾಕಬೇಕು. ಕೊನೆಗೆ ಎಂಜಿನ್ ಚಾಲೂ ಮಾಡಿ ಒಂದು ನಿಮಿಷ ಪೂರ್ತಿ ಬಲದಿಂದ ತುಳಿದು ಹಿಡಿದಿರುವಾಗ ಇನ್ನೊಬ್ಬ ಒಣ ಕಾಗದದಿಂದ ಪ್ರತಿ ಜೋಡಣೆಯನ್ನೂ ಒರೆಸಿ ನೋಡುತ್ತಾನೆ. ಕಾಗದ ಒದ್ದೆಯಾಗದಿದ್ದರೆ ಗಾಡಿ ಖಾಲಿ ಜಾಗದಲ್ಲಿ, ನಡೆಯುವ ವೇಗದಲ್ಲಿ ಮೊದಲ ಸುತ್ತು ಹೊರಡಬಹುದು. ದೇವಸ್ಥಾನದಲ್ಲೂ ಅಷ್ಟಬಂಧ ಆದ ಮೇಲೆಯೇ ಬ್ರಹ್ಮಕಲಶ. ನಿಂಬೆಹಣ್ಣು, ಕರ್ಪೂರ, ಬೂದುಗುಂಬಳ ಈ ಸುತ್ತು ಮುಗಿದ ಮೇಲೆ ಬಂದರೆ ಶಾಸ್ತ್ರಕ್ಕೂ ಹೊಂದುತ್ತದೆ.

ಇಷ್ಟೆಲ್ಲ ಮಾಡಿ ದಬ್ಬೇಘಟ್ಟದಿಂದ ತುರುವೇಕೆರೆಯ ದಾರಿ ಹಿಡಿದವನಿಗೂ ಐದನೆಯ ಕಾರಣ ಪೂರ್ತಿ ಬಿಟ್ಟುಹೋಗುವುದಿಲ್ಲ. ಎದುರಿಗೆ ಕಾಯಿ ತುಂಬಿಕೊಂಡು ಬರುವ ಹಳೇ ಗೂಡ್ಸ್ ಗಾಡಿಯ ತಳದ ಪೈಪನ್ನು ಅವನು ಬಗ್ಗಿ ನೋಡುವಂತಿಲ್ಲ, ನೋಡಲು ಹಕ್ಕೂ ಇಲ್ಲ. ಅದರ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂಬುದು ಅವನ ಮಟ್ಟಿಗೆ ನಿಜವಾಗಿಯೂ ದೈವವೇ. ಗಣಪನಿಗೆ ಕೈಮುಗಿದು ಹೊರಟದ್ದಕ್ಕೆ ಅಲ್ಲಿ ಅರ್ಥವಿದೆ. ಆ ಗೂಡ್ಸ್ ಗಾಡಿಯ ಮಾಲೀಕನಿಗೆ ಮಾತ್ರ ಅದೇ ಪೈಪು ಮೂರನೆಯ ಕಾರಣದಲ್ಲಿ, ಸಲಕರಣೆಯ ಲೆಕ್ಕದಲ್ಲಿ ಬರುತ್ತದೆ. 190ನೇ ಕಲಂ ಮಾತಾಡುತ್ತಿರುವುದು ಅವನ ಜೊತೆಗೆ.